ಟೋಕಿಯೋಗೆ ಬಂದರೆ ನಮ್ಮನೆಗೆ ಬನ್ನಿ

ಕೊರೊನಾದ ಆ ಎರಡು ವರ್ಷ ನಮ್ಮ ಮನೆಯ ಊಟದ ಮೇಜು ಊಟಕ್ಕೆ ಸಿಕ್ಕಿದ್ದು ಕಡಿಮೆ. ಅದರ ಒಂದು ತುದಿಯಲ್ಲಿ ನನ್ನ ಗಂಡನ ಆಫೀಸು, ಇನ್ನೊಂದು ತುದಿಯಲ್ಲಿ ಮಗಳ ಶಾಲೆ. ಟೋಕಿಯೋದ ಕೋಟೋ ಅನ್ನುವ ಭಾಗದಲ್ಲಿ ಎತ್ತರದ ಕಟ್ಟಡವೊಂದರ ಹದಿನೇಳನೇ ಮಹಡಿಯಲ್ಲಿ ನಮ್ಮದು ಎರಡು ಕೋಣೆಯ ಫ್ಲ್ಯಾಟು. ಇಬ್ಬರ ಕ್ಯಾಮೆರಾಕ್ಕೂ ಬೀಳದ ಹಾಗೆ ಗೋಡೆಗೆ ಅಂಟಿಕೊಂಡು ನಾನು ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಓಡಾಡುತ್ತಿದ್ದೆ. ಕುಕ್ಕರ್ ಕೂಗಿಸುವುದಕ್ಕೂ ಮೀಟಿಂಗ್ ಯಾವಾಗ ಮುಗಿಯುತ್ತದೆ ಅಂತ ಕೇಳಬೇಕಾಗಿತ್ತು. ಕಾಯಿಲೆ ನಮಗೆ ಯಾರಿಗೂ ಬರಲಿಲ್ಲ. ಆದರೂ ಬೆಳಿಗ್ಗೆ ಏಳುವಾಗಲೇ ನನಗೆ ಸುಸ್ತಾಗಿರುತ್ತಿತ್ತು.

ಗದ್ದೆ ನಮ್ಮ ಪಾಲಿಗೆ ಬಂದದ್ದು ಅಂಥ ದಿನಗಳಲ್ಲಿ. ಗಂಡನ ಆಫೀಸಿನ ಜಪಾನಿ ಸಹೋದ್ಯೋಗಿಯೊಬ್ಬರು ನೀಗಾತಾ ಪ್ರಾಂತ್ಯದ ಬೆಟ್ಟದ ಹಳ್ಳಿಯಲ್ಲಿ ಒಂದು ಮೆಟ್ಟಿಲು ಗದ್ದೆ ಇಟ್ಟುಕೊಂಡಿದ್ದರು. ಇಟ್ಟುಕೊಂಡಿದ್ದರು ಅಂದರೆ ಅವರ ಸ್ವಂತದ್ದೇನಲ್ಲ. ಗೇಯುವವರು ಕಡಿಮೆಯಾಗಿ ಗದ್ದೆಗಳು ಹಾಳು ಬೀಳತೊಡಗಿದಾಗ ಹಳ್ಳಿಯವರು ಒಂದೊಂದು ಮೆಟ್ಟಿಲನ್ನು ಒಂದೊಂದು ಪೇಟೆಯ ಕುಟುಂಬಕ್ಕೆ ವರ್ಷದ ಮಟ್ಟಿಗೆ ವಹಿಸಿಕೊಟ್ಟಿದ್ದರು. ಪೇಟೆಯವರು ಮೇ ತಿಂಗಳಲ್ಲಿ ಬಂದು ನಾಟಿ ಮಾಡಬೇಕು, ಶರತ್ಕಾಲದಲ್ಲಿ ಬಂದು ಕೊಯ್ಯಬೇಕು. ನಡುವೆ ನೀರು ಕಟ್ಟುವುದು, ಕಳೆ ಕೀಳುವುದು, ಕಾಡುಹಂದಿ ಓಡಿಸುವುದು ಎಲ್ಲ ಅಲ್ಲಿನ ಮುದುಕ ಮುದುಕಿಯರ ಪಾಲು. ಕೊನೆಗೆ ಅಕ್ಕಿ ಮಾತ್ರ ನಮ್ಮ ಬಾಗಿಲಿಗೆ ಬರುತ್ತದೆ. 2021ರ ವಸಂತದಲ್ಲಿ ಆ ಸಹೋದ್ಯೋಗಿಗೆ ಸೆಂಡಾಯ್‌ಗೆ ವರ್ಗವಾಯಿತು, ಹೋಗುವಾಗ ಗದ್ದೆಯನ್ನು ನನ್ನ ಗಂಡನಿಗೆ ದಾಟಿಸಿದರು. ಬೇಡ ಅನ್ನುವುದಕ್ಕೆ ಇವರಿಗೆ ಕನ್ನಡದಲ್ಲೇ ಬಾಯಿ ಬರುವುದಿಲ್ಲ, ಇನ್ನು ಜಪಾನಿಯಲ್ಲಿ ಎಲ್ಲಿಂದ ಬರಬೇಕು.

ಮೇ ತಿಂಗಳಲ್ಲಿ ಹಳ್ಳಿಯಿಂದ ಎರಡು ಪುಟದ ಕಾಗದ ಬಂತು. ಜಪಾನಿ ಓದುವುದು ನಮ್ಮ ಮನೆಯಲ್ಲಿ ಮಗಳಿಗೆ ಮಾತ್ರ ಸಲೀಸು, ಅವಳೇ ಓದಿ ಹೇಳಿದಳು. ಟೋಕಿಯೋದ ನಿಮ್ಮೆಲ್ಲರ ಆರೋಗ್ಯದ ಬಗ್ಗೆ ನಮಗೆ ಬಹಳ ಕಾಳಜಿ, ಆದ್ದರಿಂದ ಈ ಸಲ ನಾಟಿಯನ್ನು ನಾವೇ ಮಾಡಿಬಿಡುತ್ತೇವೆ ಅಂತ ಬರೆದಿದ್ದರು. ರೋಗ ಹೊತ್ತುಕೊಂಡು ಇತ್ತ ಬರಬೇಡಿ ಅನ್ನುವುದನ್ನು ಇಷ್ಟು ನಯವಾಗಿ ಹೇಳುವ ಜನ ಇನ್ನೆಲ್ಲೂ ಇಲ್ಲ ಅಂತ ನಾನು ನಕ್ಕೆ. ಅಕ್ಟೋಬರ್ ಹೊತ್ತಿಗೆ ಸರ್ಕಾರದ ನಿರ್ಬಂಧ ತೆಗೆದರು, ಇನ್ನೊಂದು ಕಾಗದ ಬಂತು. ಕೊಯ್ಲಿಗೆ ಬರಬಹುದು, ಮನೆಗೆ ಮೂವರೇ, ಮಾಸ್ಕ್ ಹಾಕಿರಬೇಕು, ಒಟ್ಟಿಗೆ ಊಟವಿಲ್ಲ, ಸಂಜೆಯೊಳಗೆ ಹಿಂತಿರುಗಬೇಕು.

ಹೊರಡುವ ಮುಂಚೆ ನಾನು ದೊಡ್ಡ ಮಾತಾಡಿದ್ದೆ. ನಾವು ಮಂಡ್ಯದ ಕಡೆಯವರು, ಭತ್ತ ನಮಗೆ ಹೊಸದಲ್ಲ, ನಿಮ್ಮ ಜಪಾನಿಯರಿಗೆ ತೋರಿಸಿಕೊಡುತ್ತೇನೆ ನೋಡಿ ಅಂದಿದ್ದೆ. ನಿಜ ಹೇಳಬೇಕೆಂದರೆ ನಾನು ಹುಟ್ಟಿ ಬೆಳೆದದ್ದು ಮೈಸೂರಿನ ಬಡಾವಣೆಯಲ್ಲಿ, ಅಪ್ಪ ಬ್ಯಾಂಕಿನಲ್ಲಿದ್ದರು. ಗದ್ದೆ ನೋಡಿದ್ದೆಲ್ಲ ಬೆಂಗಳೂರು ಬಸ್ಸಿನ ಕಿಟಕಿಯಿಂದ. ಕೆಸರಿಗೆ ಕಾಲಿಟ್ಟವಳಲ್ಲ, ಕುಡುಗೋಲು ಹಿಡಿದವಳಲ್ಲ.

ಶಿಂಕಾನ್ಸೆನ್ ಬುಲೆಟ್ ರೈಲು ಇಳಿದು, ಎರಡೇ ಬೋಗಿಯ ಸಣ್ಣ ರೈಲು ಹತ್ತಿ, ಅದರಿಂದಿಳಿದು ಟ್ಯಾಕ್ಸಿಯಲ್ಲಿ ಬೆಟ್ಟ ಏರಿದೆವು. ಟ್ಯಾಕ್ಸಿಯವರು ನಾವೆಲ್ಲಿಂದ ಬಂದೆವು ಅಂತ ಕೇಳಿದರು. ಟೋಕಿಯೋ ಅಂದಕೂಡಲೇ ನಾಲ್ಕೂ ಕಿಟಕಿ ಇಳಿಸಿದರು. ಚಳಿಗೆ ಮಗಳು ನನ್ನ ಶಾಲಿನೊಳಗೆ ಸೇರಿಕೊಂಡಳು. ಟ್ಯಾಕ್ಸಿ ಇಳಿದು ಕಡಿದಾದ ದಾರಿ ಹತ್ತಿ ತಿರುವಿನಲ್ಲಿ ನಿಂತಾಗ ಗದ್ದೆ ಕಂಡಿತು. ಕಣಿವೆಯ ಬುಡದಿಂದ ನಮ್ಮ ತಲೆಯ ಮೇಲಿನವರೆಗೂ ಒಂದರ ಮೇಲೊಂದು ಸಣ್ಣ ಸಣ್ಣ ಮೆಟ್ಟಿಲು; ಕೆಲವು ಹಳದಿ, ಕೆಲವು ಆಗಲೇ ಕೊಯ್ದು ಬೋಳು. ನಡುನಡುವೆ ಹುಲ್ಲು ಬೆಳೆದು ಮುಚ್ಚಿಹೋದವೂ ಇದ್ದವು, ಅವು ಯಾರೂ ತೆಗೆದುಕೊಳ್ಳದೆ ಬಿಟ್ಟ ಗದ್ದೆಗಳು. ಚೆನ್ನಾಗಿದೆ ಅನ್ನಿಸಿತು. ಅದನ್ನು ಹೇಳುವಷ್ಟು ಉಸಿರು ಮಾತ್ರ ಯಾರಲ್ಲೂ ಉಳಿದಿರಲಿಲ್ಲ.

ಊರ ಸಭಾಭವನದ ಎದುರು ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು. ನಮ್ಮ ಗದ್ದೆಯ ಉಸ್ತುವಾರಿ ಎಂಬತ್ತು ದಾಟಿದ ಒಬ್ಬ ಅಜ್ಜಿಯದು. ಸೊಂಟ ಪೂರ್ತಿ ಬಗ್ಗಿಹೋಗಿತ್ತು. ಆದರೆ ಏರು ಹತ್ತುವಾಗ ಅದೇ ಅವರಿಗೆ ಅನುಕೂಲ ಅನ್ನುವ ಹಾಗೆ ನಮ್ಮನ್ನೆಲ್ಲ ಹಿಂದೆ ಬಿಟ್ಟು ನಡೆದರು. ಅವರ ಜೊತೆ ಇನ್ನೊಬ್ಬಳಿದ್ದಳು. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಕಾಲಿಗೆ ಗಂಬೂಟು, ತಲೆಗೆ ಕಡುನೀಲಿ ವಸ್ತ್ರ. ಜಪಾನಿಯವಳಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅಜ್ಜಿ ಅವಳ ಪರಿಚಯ ಹೇಳಿದರು: ವಿಯೆಟ್ನಾಮಿನವಳು, ಕೆಳಗೆ ಪಟ್ಟಣದ ಅಣಬೆ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ರಜೆ ಸಿಕ್ಕರೆ ಸೈಕಲ್ ತುಳಿದುಕೊಂಡು ಬೆಟ್ಟ ಹತ್ತಿ ಬರುತ್ತಾಳೆ, ಒಂದು ಪೈಸೆ ಮುಟ್ಟುವುದಿಲ್ಲ. ನಿಮ್ಮ ಗದ್ದೆಯ ನಾಟಿ ಮಾಡಿದ್ದೂ ಇವಳೇ ಅಂದರು.

ರಜೆಯ ದಿನ ಬೆಟ್ಟ ಹತ್ತಿ ಬಂದು ಪುಕ್ಕಟೆ ದುಡಿಯುವವರೂ ಇದ್ದಾರಾ ಅಂತ ನನಗೆ ಆಶ್ಚರ್ಯವಾಯಿತು. ನನಗಾದರೆ ಒಂದು ಭಾನುವಾರ ಸಿಕ್ಕರೆ ಮುಸುಕೆಳೆದು ಮಲಗುವುದೊಂದೇ ಆಸೆ.

ಕೊಯ್ಲು ಶುರುವಾಯಿತು. ಅಲ್ಲಿನ ಕುಡುಗೋಲಿಗೆ ಗರಗಸದ ಹಾಗೆ ಹಲ್ಲು. ಬುಡವನ್ನು ಎಡಗೈಯಲ್ಲಿ ಹಿಡಿದು ನಮ್ಮ ಕಡೆಗೆ ಎಳೆದರೆ ಸರಕ್ಕನೆ ಕೊಯ್ದು ಬರುತ್ತದೆ. ನಾನು ಮಂಡ್ಯದ ಮರ್ಯಾದೆ ಉಳಿಸಲು ಹೋಗಿ ಮೂರನೇ ಬುಡಕ್ಕೇ ಕೈಗವಸು ಕುಯ್ದುಕೊಂಡೆ. ವಿಯೆಟ್ನಾಮಿನವಳು ನನ್ನ ಹೆಬ್ಬೆರಳನ್ನು ಹಿಡಿದು ಮೇಲ್ಮುಖ ಮಾಡಿ ಇಟ್ಟಳು. ಹೆಬ್ಬೆರಳು ಕೆಳಗಿದ್ದರೆ ಒಂದಲ್ಲ ಒಂದು ದಿನ ಅದು ಹೋಗುತ್ತದಂತೆ. ಅವಳ ಊರಲ್ಲಿ ಮಕ್ಕಳಿಗೆ ಇದನ್ನು ಐದನೇ ವರ್ಷಕ್ಕೆ ಕಲಿಸುತ್ತಾರೆ ಅಂದಳು. ನನಗೆ ಆಗ ನಲವತ್ತಮೂರು. ನನ್ನ ಗಂಡ ಅಷ್ಟು ದೂರದಿಂದಲೇ ಕೇಳಿಸಿಕೊಂಡು, ಮಂಡ್ಯದವರಿಗೆ ಸ್ವಲ್ಪ ಲೇಟು ಅಂತ ಕನ್ನಡದಲ್ಲಿ ಅಂದರು.

ನಮ್ಮಿಬ್ಬರದೂ ಹರಕು ಜಪಾನಿ. ನನ್ನದು ಅಂಗಡಿ, ಆಸ್ಪತ್ರೆಯ ಜಪಾನಿ. ಅವಳದು ಕಾರ್ಖಾನೆಯದು, ಬೇಗ, ಆಗಲ್ಲ, ಜಾಗ್ರತೆ ಅನ್ನುವ ಮಾತುಗಳೇ ಹೆಚ್ಚು. ಎರಡನ್ನೂ ಸೇರಿಸಿದರೆ ಬೇಕಾದಷ್ಟಾಗುತ್ತಿತ್ತು. ನನ್ನನ್ನು ಅವಳು ಓನೇಸಾನ್ ಅಂತ ಕರೆದಳು. ಅಕ್ಕ ಅಂತ ಅರ್ಥ. ನಾನು ವಿಯೆಟ್ನಾಮಿ ಭಾಷೆಯಲ್ಲಿ ನೀರಿಗೆ ಏನು ಅನ್ನುತ್ತಾರೆ ಅಂತ ಕೇಳಿದ್ದಕ್ಕೆ ಹೇಳಿದಳು, ಆಮೇಲೆ ಇನ್ನೆರಡು ಬುಡ ಕೊಯ್ದು, ಅದು ಶಾಲೆಯಲ್ಲಿ ಕಲಿತದ್ದು, ನನ್ನ ಭಾಷೆ ಅಲ್ಲ ಅಂದಳು. ಅವಳು ಉತ್ತರದ ಬೆಟ್ಟದವಳು. ಅವಳ ಜನ ಕೆಲವೇ ಹಳ್ಳಿಗಳಲ್ಲಿದ್ದಾರೆ, ಭಾಷೆ ಬೇರೆ, ಬಟ್ಟೆ ಬೇರೆ, ದೇವರು ಬೇರೆ. ಬಯಲಿನ ಜನ ತಮ್ಮನ್ನು ಕಾಡಿನವರ ಹಾಗೆ ನೋಡುತ್ತಾರೆ; ಜಪಾನಿಗೆ ಬಂದ ಮೇಲೆ ಎಲ್ಲರೂ ಒಂದೇ ವಿಯೆಟ್ನಾಂ ಆಗಿಬಿಟ್ಟೆವು ಅಂದಳು. ನನಗೆ ಖುಷಿಯಾಯಿತು. ನಮ್ಮದೂ ಹಾಗೇ, ನನ್ನನ್ನು ಕಂಡವರೆಲ್ಲ ಹಿಂದಿಯಲ್ಲಿ ನಮಸ್ತೆ ಅನ್ನುತ್ತಾರೆ, ನನ್ನ ಭಾಷೆಗೆ ಇನ್ನೊಂದು ಹೆಸರಿದೆ ಅಂತ ಹೇಳಿ ಹೇಳಿ ಸಾಕಾಗಿ ಈಗ ನಾನೂ ನಮಸ್ತೆ ಅಂದುಬಿಡುತ್ತೇನೆ ಅಂದೆ. ಅವಳು ನಕ್ಕಳು. ಆ ವರ್ಷ ಮನೆಯವರಲ್ಲದ ಒಬ್ಬರ ನಗು ನಾನು ಎದುರೆದುರು ಕಂಡದ್ದು ಅದೇ ಮೊದಲಿರಬೇಕು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಆದರೂ ಸಾಕಾಗಿತ್ತು.

ಊಟದ ಹೊತ್ತಿಗೆ ನಿಯಮದ ಪ್ರಕಾರ ಅವರವರು ಅವರವರ ಬದುವಿನ ಮೇಲೆ ದೂರ ದೂರ ಕೂತೆವು. ಅಜ್ಜಿಯ ಡಬ್ಬಿಯಲ್ಲಿ ಮೀನು ತುಂಬಿದ ಅನ್ನದುಂಡೆ. ನಾನು ಪುಳಿಯೋಗರೆ ಕಟ್ಟಿಕೊಂಡು ಬಂದಿದ್ದೆ, ಬೇರೆ ಡಬ್ಬಿಯಲ್ಲಿ ಹಾಕಿ ಬದುವಿನ ಮೇಲೆ ಇಟ್ಟು ಹಿಂದೆ ಸರಿದೆ. ಅವಳು ಬಂದು ಎತ್ತಿಕೊಂಡು ಹೋದಳು. ಚಮಚ ಮರೆತಿದ್ದೆ. ಅವಳು ಕೈಯಲ್ಲೇ ಉಂಡೆ ಮಾಡಿ ತಿಂದಳು, ಅಲ್ಲಿಂದಲೇ ಕೈ ಎತ್ತಿ ತೋರಿಸಿದಳು. ಅವರಲ್ಲಿ ಅಂಟಕ್ಕಿಯ ಅನ್ನ ಹಾಗೇ ತಿನ್ನುವುದಂತೆ. ಅತ್ತ ಅವಳು, ಇತ್ತ ನಾನು ಕೈಯಲ್ಲಿ ಉಣ್ಣುವುದನ್ನು ಅಜ್ಜಿ ನಡುವೆ ಕೂತು ಬಾಯಿ ತೆರೆದು ನೋಡಿದರು. ನಮ್ಮ ಮಗಳು ನಾಚಿಕೆಯಿಂದ ಆ ಕಡೆ ತಿರುಗಿದಳು.

ಊಟವಾದ ಮೇಲೆ ಅವಳು ಫೋನಿನಲ್ಲಿ ತನ್ನ ಊರು ತೋರಿಸಿದಳು. ಕೈ ಚಾಚಿ ಫೋನು ಹಿಡಿದಳು, ನಾನು ಕತ್ತು ಚಾಚಿ ನೋಡಿದೆ. ನಾವು ಕೂತಿದ್ದ ಬೆಟ್ಟದ ನಾಲ್ಕರಷ್ಟು ಎತ್ತರದ ಬೆಟ್ಟ, ಬುಡದಿಂದ ಮೋಡದವರೆಗೂ ಮೆಟ್ಟಿಲು ಗದ್ದೆ. ಒಂದೂ ಹಾಳು ಬಿದ್ದಿರಲಿಲ್ಲ. ಕಟ್ಟಿಗೆಯ ಮನೆಗಳು, ಅಂಗಳದಲ್ಲಿ ನೀಲಿ ಬಟ್ಟೆ ಒಣಗಲು ಹಾಕಿದ್ದರು. ಕೊರೊನಾಗೆ ಮುಂಚೆ ಅಲ್ಲಿಗೆ ವಿದೇಶದವರು ಬಸ್ಸು ತುಂಬ ಬರುತ್ತಿದ್ದರಂತೆ, ಗದ್ದೆ ನೋಡುವುದಕ್ಕೆ ಮತ್ತು ಇವರನ್ನು ನೋಡುವುದಕ್ಕೆ. ಚಿಕ್ಕವಳಿದ್ದಾಗ ತಾನು ನಾಟಿ ಮಾಡುವುದನ್ನು ನಿಂತು ಫೋಟೋ ತೆಗೆಯುತ್ತಿದ್ದರು, ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ ಅಂದಳು. ಅವಳು ಕುಡುಗೋಲು ಹಿಡಿದ ಒಂದು ಫೋಟೋ ನಾನು ಬೆಳಿಗ್ಗೆಯೇ ಕದ್ದು ತೆಗೆದಿದ್ದೆ. ಆ ಮಾತು ಕೇಳಿ ಅದನ್ನು ಅಳಿಸಿದೆ.

ಆಮೇಲೆ ಒಬ್ಬ ಹುಡುಗನ ಚಿತ್ರ ಬಂತು, ಅವಳ ಮಗ. ಅವಳು ಹೊರಟಾಗ ಅವನಿಗೆ ನಾಲ್ಕು ವರ್ಷ, ಈಗ ಏಳು. ಕಾರ್ಖಾನೆಯ ಕರಾರು ಮೂರು ವರ್ಷದ್ದು, ಮಾರ್ಚಿನಲ್ಲೇ ಮುಗಿದಿತ್ತು. ಆದರೆ ವಿಮಾನವಿಲ್ಲ. ಅವಳ ದೇಶದ ರಾಯಭಾರ ಕಚೇರಿ ಆಗೊಮ್ಮೆ ಈಗೊಮ್ಮೆ ಒಂದು ವಿಮಾನ ಏರ್ಪಾಡು ಮಾಡುತ್ತದೆ, ಬಸುರಿಯರಿಗೆ, ರೋಗಿಗಳಿಗೆ, ವಯಸ್ಸಾದವರಿಗೆ ಮೊದಲು. ಗಟ್ಟಿಮುಟ್ಟಾದವರ ಸರದಿ ಕೊನೆಗೆ. ಹುಡುಗ ಊರಲ್ಲಿರುವ ತನ್ನಜ್ಜಿಯನ್ನೇ ಅಮ್ಮ ಅನ್ನುತ್ತಾನೆ, ಫೋನು ಹಿಡಿದರೆ ಇವಳ ಮುಖ ನೋಡಿ ಓಡಿಹೋಗುತ್ತಾನೆ ಅಂತ ಹೇಳುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಸೀಟು ಸಿಕ್ಕಿದ ದಿನ ಹೊರಡುವುದು, ಅಲ್ಲಿಯವರೆಗೆ ಅಣಬೆ, ಭಾನುವಾರ ಗದ್ದೆ. ಗದ್ದೆಯಲ್ಲಿದ್ದರೆ ಕೈಗೆ ಊರಲ್ಲಿದ್ದ ಹಾಗಿರುತ್ತದೆ ಅಂದಳು.

ಮಧ್ಯಾಹ್ನವೆಲ್ಲ ಭತ್ತವನ್ನು ಸಣ್ಣ ಸಣ್ಣ ಕಟ್ಟು ಕಟ್ಟಿ, ಬಿದಿರ ಗಳಗಳ ಮೇಲೆ ತಲೆಕೆಳಗಾಗಿ ನೇತುಹಾಕಿದೆವು. ಒಣಗಲು ಎರಡು ವಾರ ಬೇಕು. ಮೂರೂವರೆಗೆ ನನ್ನ ಗಂಡ ಗಡಿಯಾರ ನೋಡತೊಡಗಿದರು. ಅಜ್ಜಿಗೆ ಬಗ್ಗಿ ಬಗ್ಗಿ ವಂದಿಸಿ, ಅರಿಗಾತೋ ಅಂತ ಥ್ಯಾಂಕ್ಸ್ ಹೇಳಿ, ಅವಳ ಕಡೆ ತಿರುಗಿದೆ. ಬರೀ ಹೋಗಿಬರುತ್ತೇನೆ ಅನ್ನಲು ಮನಸ್ಸು ಬರಲಿಲ್ಲ.

"ಟೋಕಿಯೋಗೆ ಬಂದರೆ ನಮ್ಮನೆಗೆ ಬನ್ನಿ. ವಿಮಾನ ಹತ್ತುವಾಗ ಬಂದು ನಮ್ಮನೆಯಲ್ಲೇ ಇದ್ದು ಹೋಗಿ" ಅಂದೆ.

ಆ ಮಾತು ನಮ್ಮ ಬಾಯಲ್ಲಿ ಹೇಗೆ ಬರುತ್ತದೆ ಅಂತ ನಮಗೆ ಗೊತ್ತು. ನಮ್ಮಮ್ಮ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಮನೆಗೆ ಬನ್ನಿ ಅಂತ ಗುರುತು ಹೇಳಿಯೇ ಇಳಿಯುತ್ತಿದ್ದರು. ಯಾರೂ ಬಂದದ್ದಿಲ್ಲ, ಬರಲಿಲ್ಲ ಅಂತ ಅಮ್ಮ ಬೇಜಾರು ಮಾಡಿಕೊಂಡದ್ದೂ ಇಲ್ಲ. ಜಪಾನಿಯರೂ ಈ ವಿಷಯದಲ್ಲಿ ನಮ್ಮ ನೆಂಟರೇ. ಮನೆ ಬದಲಾಯಿಸಿದರೆ ಹತ್ತಿರ ಬಂದಾಗ ದಯವಿಟ್ಟು ಬನ್ನಿ ಅಂತ ಕಾರ್ಡು ಅಚ್ಚು ಹಾಕಿಸಿ ಕಳಿಸುತ್ತಾರೆ, ಯಾರಾದರೂ ನಿಜವಾಗಿ ಬಾಗಿಲು ತಟ್ಟಿದರೆ ಗಾಬರಿಯಾಗುತ್ತಾರೆ. ಅಜ್ಜಿ ಪಕ್ಕದಲ್ಲೇ ಇದ್ದರು, ನನ್ನ ಮಾತಿಗೆ ಉಪಚಾರಕ್ಕೆ ತಲೆಯಾಡಿಸಿದರು. ಅವಳೊಬ್ಬಳು ಮಾತ್ರ ನನ್ನ ಮುಖವನ್ನೇ ನೋಡಿ, ನಿಜವಾಗಲೂ ಬರಬಹುದಾ ಅಂತ ಕೇಳಿದಳು. ಖಂಡಿತ ಅಂದೆ. ಫೋನಿನಲ್ಲಿ ಅವಳನ್ನು ಸೇರಿಸಿಕೊಂಡು ವಿಳಾಸವನ್ನೂ ಅಲ್ಲೇ ಕಳಿಸಿದೆ, ಮಹಡಿಯ ನಂಬರ್ ಸಮೇತ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನ್ನಿಸಿರಲಿಲ್ಲ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ನವೆಂಬರಿನಲ್ಲಿ ಅಕ್ಕಿ ಕೊರಿಯರ್‌ನಲ್ಲಿ ಬಂತು. ಒಂದೆರಡು ಸಲ ಫೋನಿನಲ್ಲಿ ಅವಳಿಗೆ ಹೂವಿನ ಚಿತ್ರ, ಹಬ್ಬದ ಚಿತ್ರ ಕಳಿಸಿದೆ. ಅವಳು ಗದ್ದೆಯ ಮೇಲೆ ಮೊದಲ ಹಿಮ ಬಿದ್ದದ್ದನ್ನು ಕಳಿಸಿದಳು. ಅಷ್ಟರಲ್ಲಿ ಹೊಸ ತಳಿಯ ಸೋಂಕು ಅಂತ ಸುದ್ದಿ ಶುರುವಾಯಿತು, ಜಪಾನಿನ ಬಾಗಿಲು ಮತ್ತೆ ಮುಚ್ಚಿತು. ಮಗಳು ಹತ್ತನೇ ಕ್ಲಾಸು, ಅವಳ ಇಂಡಿಯನ್ ಸ್ಕೂಲಿನ ಬೋರ್ಡ್ ಪರೀಕ್ಷೆಯನ್ನು ಆ ವರ್ಷ ಎರಡು ಕಂತು ಮಾಡಿದ್ದರು, ಮೊದಲ ಕಂತು ನಡೆಯುತ್ತಿತ್ತು. ಅದನ್ನು ಶಾಲೆಗೇ ಹೋಗಿ ಬರೆಯಬೇಕು. ಮನೆಯಲ್ಲಿ ಒಬ್ಬರಿಗೆ ಮೂಗು ಸೋರಿದರೂ ಅವಳನ್ನು ಒಳಗೆ ಬಿಡುವುದಿಲ್ಲ ಅಂತ ಮೇಲ್ ಬಂದಿತ್ತು. ನಾನು ಕೆಳಗಿನ ಕೊಂಬಿನಿ ಅಂಗಡಿಗೂ ಹೋಗುವುದು ಬಿಟ್ಟೆ. ಮತ್ತೆ ಗೋಡೆಗೆ ಅಂಟಿಕೊಂಡು ನಡೆಯುವುದು, ಮತ್ತೆ ಕುಕ್ಕರಿಗೆ ಅಪ್ಪಣೆ ಕೇಳುವುದು.

ಡಿಸೆಂಬರಿನಲ್ಲೊಂದು ಸೋಮವಾರ ವಿಯೆಟ್ನಾಮಿನವಳ ಸಂದೇಶ ಬಂತು. ಸೀಟು ಸಿಕ್ಕಿದೆ, ಗುರುವಾರ ಬೆಳಿಗ್ಗೆ ವಿಮಾನ. ಆರಕ್ಕೆಲ್ಲ ಏರ್‌ಪೋರ್ಟಿನಲ್ಲಿರಬೇಕು, ಇಲ್ಲಿನ ಮೊದಲ ರೈಲು ಹತ್ತಿದರೂ ತಲುಪುವುದಿಲ್ಲ. ನೀವು ಹೇಳಿದ್ದಿರಲ್ಲ, ಬುಧವಾರ ನಾಲ್ಕು ಗಂಟೆಗೆ ನಿಮ್ಮನೆಗೆ ಬರುತ್ತೇನೆ. ನೆಲದ ಮೇಲೆ ಮಲಗುತ್ತೇನೆ, ಹೊದಿಕೆ ತರುತ್ತೇನೆ. ನಮ್ಮಲ್ಲಿ ಕರೆದ ಮನೆಗೆ ಹೋಗದಿದ್ದರೆ ಕರೆದವರನ್ನು ಕೀಳಾಗಿ ಕಂಡ ಹಾಗೆ. ಇಷ್ಟನ್ನು ಮಕ್ಕಳ ಪುಸ್ತಕದ ಹಾಗೆ ಬಿಡಿ ಬಿಡಿ ಅಕ್ಷರದಲ್ಲಿ ಬರೆದಿದ್ದಳು. ಕೊನೆಯಲ್ಲಿ, ಮಗನಿಗೆ ಹೇಳಿದ್ದೇನೆ, ಈ ಸಲ ಓಡಿಹೋಗಲಿಲ್ಲ ಅಂತಿತ್ತು.

ಓದಿ ಸಂತೋಷವಾಯಿತು. ಅದರ ಹಿಂದೆಯೇ ಮಗಳ ಪರೀಕ್ಷೆ ನೆನಪಾಯಿತು. ರಾತ್ರಿ ಊಟಕ್ಕೆ ಗಂಡನಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮೂರು ಟ್ರೇನ್ ಬದಲಾಯಿಸ್ಕೊಂಡು ಬರ್ತಾಳೆ, ಫ್ರೈಡೇ ಇವಳಿಗೆ ಮ್ಯಾಥ್ಸ್ ಪೇಪರ್ ಇದೆ. ರಿಸ್ಕ್ ಬೇಡ. ಕರೆದವಳು ನೀನು, ನೀನೇ ಹೇಳ್ಬಿಡು" ಅಂದರು.

ಏರ್‌ಪೋರ್ಟಿನ ಹತ್ತಿರ ಹೋಟೆಲ್ ರೂಮು ಮಾಡಿಕೊಡೋಣ ಅಂತಲೂ ಅವರೇ ಹೇಳಿದರು, ಕೆಟ್ಟವರೇನಲ್ಲ. ಆದರೆ ಮನೆಗೆ ಬಾ ಅಂದವಳಿಗೆ ಹೋಟೆಲಿಗೆ ಹೋಗು ಅನ್ನುವುದು ಹೇಗೆ? ನೀನು ನಮ್ಮನೆಗೆ ಬರುವುದು ಬೇಡ ಅಂತ ಬರೆದುಕೊಟ್ಟ ಹಾಗಾಗುತ್ತದೆ. ನನಗೆ ನನ್ನ ಒಳ್ಳೆಯತನ ಉಳಿಯಬೇಕಾಗಿತ್ತು, ಅವಳೂ ಬರಬಾರದಾಗಿತ್ತು. ಎರಡೂ ಆಗುವ ದಾರಿ ಆ ವರ್ಷ ಎಲ್ಲರ ಕೈಯಲ್ಲೂ ಇತ್ತು. ಬೇಡದ ಮೀಟಿಂಗಿಗೆ, ಬೇಡದ ನೆಂಟರಿಗೆ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಮಂಗಳವಾರ ಬೆಳಿಗ್ಗೆ ನಾನೂ ಬರೆದೆ: ದಯವಿಟ್ಟು ಕ್ಷಮಿಸಿ, ಯಜಮಾನರಿಗೆ ಜ್ವರ ಬಂದಿದೆ. ಮಗಳಿಗೆ ಜ್ವರ ಅಂತ ಬರೆಯಲು ಕೈ ಬರಲಿಲ್ಲ, ಎಲ್ಲಿ ನಿಜವಾಗಿಬಿಡುತ್ತದೋ ಅಂತ. ಗಂಡನ ವಿಷಯದಲ್ಲಿ ಅಷ್ಟು ಯೋಚನೆ ಬರಲಿಲ್ಲ.

ಅವಳ ಉತ್ತರ ತಕ್ಷಣ ಬಂತು. ಸರಿ ಅಕ್ಕ, ಜೋಪಾನ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: ಏನಾದರೂ ತಿನ್ನುತ್ತಿದ್ದಾರಾ? ಸ್ವಲ್ಪ ಸ್ವಲ್ಪ ಅಂತ ಬರೆದೆ. ಮುಗಿಯಿತು ಅಂದುಕೊಂಡೆ. ನಾಚಿಕೆಯಾಗಿತ್ತು, ಜೊತೆಗೆ ಹಗುರವೂ ಆಗಿತ್ತು. ಹಗುರವಾದದ್ದೇ ಹೆಚ್ಚು.

ಬುಧವಾರ ನಾಲ್ಕು ಗಂಟೆಗೆ ಕೆಳಗಿನ ಬಾಗಿಲಿನ ಬೆಲ್ ಹೊಡೆಯಿತು. ನಮ್ಮ ಕಟ್ಟಡದಲ್ಲಿ ಬಂದವರು ಕೆಳಗಿನಿಂದ ಒತ್ತಿದರೆ ಮೇಲೆ ಗೋಡೆಯ ಸಣ್ಣ ಪರದೆಯಲ್ಲಿ ಅವರ ಮುಖ ಕಾಣುತ್ತದೆ, ನಾವು ಬಟನ್ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಕೊರಿಯರ್ ಇರಬೇಕು ಅಂತ ಹೋಗಿ ನೋಡಿದರೆ ಪರದೆಯಲ್ಲಿ ಅವಳು. ಪಕ್ಕದಲ್ಲಿ ದೊಡ್ಡ ಸೂಟ್‌ಕೇಸು, ಕೈಯಲ್ಲಿ ಒಂದು ಚೀಲ. ನನ್ನ ದನಿ ಕೇಳಿದ ಕೂಡಲೇ, ಬಾಗಿಲು ತೆಗೆಯಬೇಡಿ ಅಕ್ಕ ಅಂದಳು. ಕರೆದ ಮನೆಯ ಬಾಗಿಲಿಗಾದರೂ ಬರದೆ ದೇಶ ಬಿಟ್ಟು ಹೋಗುವುದು ಸರಿಯಲ್ಲ ಅಂತ ಬಂದಿದ್ದಳು. ಗಂಜಿಗೆ ಅಕ್ಕಿ ಇದೆ, ಶುಂಠಿ ಇದೆ, ಈರುಳ್ಳಿ ಸೊಪ್ಪು, ಇನ್ನೊಂದು ನೇರಳೆ ಬಣ್ಣದ ಸೊಪ್ಪಿದೆ, ಎಲ್ಲ ಹೆಚ್ಚಿ ಗಂಜಿಗೆ ಹಾಕಿ ಬಿಸಿಬಿಸಿ ಕುಡಿಸಿದರೆ ಬೆವರು ಬಂದು ಜ್ವರ ಇಳಿಯುತ್ತದೆ ಅಂದಳು. ಚೀಲವನ್ನು ಅಂಚೆ ಡಬ್ಬಿಗಳ ಕೆಳಗೆ ಇಟ್ಟದ್ದು ಪರದೆಯಲ್ಲಿ ಕಂಡಿತು. ಈಗ ಹೇಗಿದ್ದಾರೆ ಅಂತ ಕೇಳಿದಳು.

ಆಗಲೇ ಯಜಮಾನರು ಮೀಟಿಂಗಿನಲ್ಲಿ ಯಾವುದೋ ಮಾತಿಗೆ ಗಹಗಹಿಸಿ ನಕ್ಕರು. ನಾನು ಕೈಯಿಂದ ಮೈಕು ಮುಚ್ಚಿಕೊಂಡೆ. ಪರವಾಗಿಲ್ಲ, ಕಡಿಮೆಯಾಗಿದೆ ಅಂದೆ. ಅವಳು ಕ್ಯಾಮೆರಾಕ್ಕೆ ತಲೆಬಾಗಿ ವಂದಿಸಿದಳು, ಪರದೆ ಆರಿತು.

ತಿರುಗಿದರೆ ಮಗಳು ಹಿಂದೆ ನಿಂತಿದ್ದಳು. ಜಪಾನಿ ಅವಳಿಗೆ ಪೂರ್ತಿ ಅರ್ಥವಾಗುತ್ತದೆ ಅನ್ನುವುದು ನನಗೆ ಮರೆತೇಹೋಗಿತ್ತು.

"ಅಪ್ಪಂಗೆ ಫೀವರ್ ಇಲ್ವಲ್ಲಮ್ಮ. ವೈ ಡಿಡ್ ಯು ಸೇ ದ್ಯಾಟ್?" ಅಂದಳು.

ಮಾಸ್ಕ್ ಎಳೆದುಕೊಂಡು ಹೊರಗೆ ಓಡಿದೆ. ಲಿಫ್ಟ್ ಪ್ರತಿ ಮಹಡಿಗೂ ನಿಲ್ಲುತ್ತಿದೆ ಅನ್ನಿಸಿತು. ಕೆಳಗೆ ಬರುವ ಹೊತ್ತಿಗೆ ಅವಳು ಸೂಟ್‌ಕೇಸು ಎಳೆದುಕೊಂಡು ಸಿಗ್ನಲ್ ಹತ್ತಿರ ಹೋಗಿ ನಿಂತಿದ್ದಳು. ಕೂಗಿದೆ. ತಿರುಗಿ ನನ್ನನ್ನು ನೋಡಿದವಳೇ ಮಾಸ್ಕಿನ ಮೇಲೆ ಇನ್ನೊಂದು ಕೈ ಇಟ್ಟುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಳು. ನಾನು ಅಲ್ಲೇ ನಿಂತೆ.

ಜ್ವರವಿಲ್ಲ ಅಂದೆ. ಯಾರಿಗೂ ಇಲ್ಲ, ನಿನ್ನೆಯೂ ಇರಲಿಲ್ಲ, ನಾನು ಸುಳ್ಳು ಬರೆದೆ. ಮಗಳ ಪರೀಕ್ಷೆ, ನನಗೆ ಭಯವಾಯಿತು. ತಪ್ಪಾಯಿತು, ಈಗ ಮೇಲೆ ಬನ್ನಿ, ನಿಮಗೆ ಹಾಸಿಗೆ ಹಾಸುತ್ತೇನೆ. ಸುಮಿಮಾಸೆನ್, ಸುಮಿಮಾಸೆನ್ ಅಂತ ಎಷ್ಟು ಸಲ ಕ್ಷಮೆ ಕೇಳಿದೆನೋ. ಆ ಗಳಿಗೆಯಲ್ಲಿ ಪರೀಕ್ಷೆ, ಗಂಡ, ರೋಗ ಯಾವುದೂ ನನಗೆ ಬೇಕಿರಲಿಲ್ಲ. ಅವಳೊಬ್ಬಳು ನಮ್ಮನೆಯಲ್ಲಿ ಒಂದು ರಾತ್ರಿ ಮಲಗಿ ಹೋದರೆ ಸಾಕಾಗಿತ್ತು.

ಅವಳು ಸಿಟ್ಟಾಗಲಿಲ್ಲ. ನನ್ನ ಮುಖವನ್ನೇ ನೋಡಿದಳು, ಅವತ್ತು ಗದ್ದೆಯಲ್ಲಿ ನಿಜವಾಗಲೂ ಬರಬಹುದಾ ಅಂತ ಕೇಳುವಾಗ ನೋಡಿದ ಹಾಗೇ.

"ಅಕ್ಕ, ನಿನ್ನೆ ಜ್ವರ ಇದೆ ಅಂದಿರಿ, ಇವತ್ತು ಇಲ್ಲ ಅಂತೀರಿ. ನಾಳೆ ಬೆಳಿಗ್ಗೆ ಅಲ್ಲಿ ಒಂದು ಕಾಗದ ಕೊಡುತ್ತಾರೆ. ಜ್ವರ ಇರುವವರ ಮನೆಗೆ ಹೋಗಿದ್ದೀರಾ ಅಂತ ಕೇಳಿರುತ್ತಾರೆ. ಮೇಲೆ ಬಂದರೆ ಅದರಲ್ಲಿ ನಾನು ಏನು ಬರೆಯಲಿ?"

ಇಲ್ಲ ಅಂತ ಬರೆಯಿರಿ ಅಂತ ಹೇಳಬಹುದಾಗಿತ್ತು, ನಿಜವೂ ಅದೇ ಆಗಿತ್ತು. ಆದರೆ ನನ್ನ ಮಾತಿನ ಮೇಲೆ ಅವಳು ಒಂದು ಅಕ್ಷರ ಬರೆಯುವ ಸ್ಥಿತಿಯನ್ನು ನಾನೇ ಉಳಿಸಿರಲಿಲ್ಲ. ಮೂರೂಮುಕ್ಕಾಲು ವರ್ಷ ಅವಳು ಮಗನ ಮುಖ ಎದುರಿಗೆ ಕಂಡಿರಲಿಲ್ಲ. ಹೋಟೆಲಿನ ಮಾತೆತ್ತಿದೆ. ಬೇಡ, ಬೇರೆ ಬೇರೆ ಊರಿನಿಂದ ನಮ್ಮವರೆಲ್ಲ ಏರ್‌ಪೋರ್ಟಿಗೆ ಬರುತ್ತಿದ್ದಾರೆ, ಕುರ್ಚಿಗಳ ಮೇಲೆ ಮಲಗುತ್ತೇವೆ ಅಂದಳು. ಸಿಗ್ನಲ್ ಹಸಿರಾಯಿತು. ನನಗೆ ವಂದಿಸಿ, ರಸ್ತೆ ದಾಟಿ, ಸ್ಟೇಷನ್ನಿನ ಕಡೆ ಹೋದಳು. ತಿರುಗಿ ನೋಡಲಿಲ್ಲ. ಸೂಟ್‌ಕೇಸಿನ ಒಂದು ಚಕ್ರ ಸರಿ ಉರುಳುತ್ತಿರಲಿಲ್ಲ, ಅದನ್ನು ಆಗಾಗ ಎತ್ತಿಕೊಂಡು ನಡೆಯುತ್ತಿದ್ದಳು.

ಅವಳು ಕ್ಷೇಮವಾಗಿ ಊರು ಸೇರಿದ್ದು ನನಗೆ ತಿಳಿದದ್ದು ಜನವರಿಯಲ್ಲಿ, ಗದ್ದೆಯನ್ನು ಇನ್ನೊಂದು ವರ್ಷಕ್ಕೆ ಇಟ್ಟುಕೊಳ್ಳುತ್ತೀರಾ ಅಂತ ಕೇಳಿ ಅಜ್ಜಿ ಬರೆಸಿದ ಕಾಗದದಿಂದ. ನನಗೆ ಅವಳು ಬರೆಯಲಿಲ್ಲ. ನಾನು ಬರೆದದ್ದನ್ನು ಓದಿದ್ದಾಳೆ ಅನ್ನುವ ಗುರುತು ಮಾತ್ರ ಫೋನಿನಲ್ಲಿದೆ.

ಆ ಬುಧವಾರ ಸಂಜೆ ಅಂಚೆ ಡಬ್ಬಿಯ ಕೆಳಗಿಂದ ಚೀಲ ಎತ್ತಿಕೊಂಡು ಮೇಲೆ ಬಂದೆ. ಎಸೆಯುವುದಕ್ಕೂ ಆಗಲಿಲ್ಲ, ನೋಡುತ್ತ ಕೂರುವುದಕ್ಕೂ ಆಗಲಿಲ್ಲ. ಅವಳು ಹೇಳಿದ ಹಾಗೆಯೇ ಶುಂಠಿ, ಸೊಪ್ಪು ಹೆಚ್ಚಿ ಹಾಕಿ ಗಂಜಿ ಮಾಡಿದೆ. ಗಂಡ ಲ್ಯಾಪ್‌ಟಾಪು ಸರಿಸಿದರು, ಮಗಳು ಪುಸ್ತಕ ಸರಿಸಿದಳು. ಯಾರಿಗೂ ಜ್ವರವಿಲ್ಲದ ನಾವು ಮೂವರೂ ಮೇಜಿಗೆ ಕೂತು ಅದನ್ನು ಕುಡಿದೆವು. ಅವಳು ಹೇಳಿದಂತೆ ಚೆನ್ನಾಗಿ ಬೆವರು ಬಂತು.